ಮುದುಕಿಯ ಎರಡು ಕಣ್ಣು

ನಾಲ್ಕು ಗಂಟೆಗೆ ವಾಹನ ತಪಾಸಣೆಯ ಸಾಹೇಬರು ಬರುವವರಿದ್ದರು. ಮೂರೂವರೆಯಾದರೂ ಮುದುಕಿ ಕಣ್ಣು ಬಿಟ್ಟಿರಲಿಲ್ಲ. ಮುದುಕಿ ಎಂದರೆ ಅಪ್ಪನ ಹಳೇ ಕಾರು. ವಯಸ್ಸಿನಲ್ಲಿ ಅಕ್ಕ, ತಮ್ಮ ಇಬ್ಬರಿಗಿಂತಲೂ ಹಿರಿಯಳು. ಇವತ್ತು ಹೆಡ್‌ಲೈಟ್ ಉರಿಯದಿದ್ದರೆ ಗುಜರಿಯೇ ಗತಿ. ಹಾಗಾದರೆ ನನ್ನನ್ನೂ ಸೇರಿಸಿ ತೂಗಿಬಿಡಿ ಎಂದು ಅಪ್ಪ ಬೆಳಿಗ್ಗೆಯಿಂದ ಸ್ಟೇರಿಂಗ್ ಹಿಡಿದು ಒಳಗೇ ಕೂತಿದ್ದರು. ತಮಾಷೆಗೆ ಅಂದದ್ದಲ್ಲವೆಂದು ಅಕ್ಕನಿಗೆ ಗೊತ್ತಿತ್ತು.

ಊರಿನ ಅರ್ಧ ಮನೆಗಳಿಗೆ ವೈರಿಂಗ್ ಮಾಡಿದವಳು ಅಕ್ಕ. ತಮ್ಮ ಪೇಂಟರ್, ಅದೂ ಅಂತಿಂಥ ಪೇಂಟರಲ್ಲ. ಮೂರು ತಿಂಗಳು ಮುದುಕಿಯನ್ನು ಬಿಡಿಬಿಡಿಯಾಗಿ ಕಳಚಿ, ಒಂದು ಮೂಲೆಯನ್ನೂ ಬಿಡದೆ ಏಳು ಕೋಟ್ ಬಣ್ಣ ಕೊಟ್ಟಿದ್ದ. ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು. ಯಾರಾದರೂ ಬೆರಳಿಟ್ಟರೆ ಅವನ ಜೀವ ಹೋಗುತ್ತಿತ್ತು.

ಅಕ್ಕ ಫ್ಯೂಸ್ ಬದಲಿಸಿದಳು, ಸ್ವಿಚ್ ಬಿಚ್ಚಿ ನೋಡಿದಳು. ಬಲ್ಬನ್ನು ನೇರವಾಗಿ ಬ್ಯಾಟರಿಗೆ ಹಿಡಿದರೆ ಝಗ್ಗೆಂದು ಉರಿಯಿತು. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಗೆ ಕಚ್ಚಿಸಿ, ಇನ್ನೊಂದನ್ನು ಹೆಡ್‌ಲೈಟಿನ ತಂತಿಗೆ ಮುಟ್ಟಿಸಿದರೆ ಅದೂ ಉರಿಯಿತು, ಅಂದರೆ ತಂತಿಗೆ ಕರೆಂಟು ಬರುತ್ತಿತ್ತು. ಬಲ್ಬು, ತಂತಿ ಬೇರೆ ಬೇರೆ ಇದ್ದಾಗ ಇಬ್ಬರೂ ಒಳ್ಳೆಯವರೇ. ಒಂದೇ ಮನೆಗೆ ತಂದರೆ ಮಾತಿಲ್ಲ ಕತೆಯಿಲ್ಲ. ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು.

ತಮ್ಮ ತಲೆಯ ಮೇಲೆ ಕೈಹೊತ್ತು ಬಂಪರಿನ ಪಕ್ಕ ಕುಕ್ಕರಿಸಿದ.

"ನಂಗಂತೂ ಏನೂ ಅರ್ಥ ಆಗ್ತಿಲ್ಲ ಕಣಕ್ಕ."

ಅಕ್ಕ ಹಾಗೇ ನಿಂತುಬಿಟ್ಟಳು. "ಇನ್ನೊಂದ್ಸಲ ಹೇಳು."

"ಅರ್ಥ ಆಗ್ತಿಲ್ಲ ಅಂದೆ."

"ಅದೇ ಕಣೋ. ಅರ್ಥ್ ಆಗ್ತಿಲ್ಲ."

ಮನೆಯಲ್ಲಾದರೆ ಕರೆಂಟು ಒಂದು ತಂತಿಯಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ಸು ಹೋಗುತ್ತದೆ. ಕಾರಿನಲ್ಲಿ ಆ ಎರಡನೇ ತಂತಿಯನ್ನು ಮೈಯ ತಗಡಿಗೆ ಬಿಗಿದಿರುತ್ತಾರೆ. ಅಲ್ಲಿಂದ ಬ್ಯಾಟರಿಯವರೆಗೆ ದಾರಿಯೆಲ್ಲ ತಗಡೇ. ಕಾರಿನವರ ಬಾಯಲ್ಲಿ ಅರ್ಥ್ ಎಂದರೆ ಅದು. ಇಪ್ಪತ್ತು ವರ್ಷ ಗೋಡೆ ಕೊರೆದವಳು ತಗಡನ್ನೇ ಮರೆತಿದ್ದಳು. ಬಾನೆಟ್ಟಿನೊಳಗೆ ಬಗ್ಗಿ ನೋಡಿದರೆ ಎರಡೂ ದೀಪಗಳ ತಂತಿ ಒಂದೇ ಸ್ಕ್ರೂನಲ್ಲಿ ಕೂತಿತ್ತು. ಸ್ಕ್ರೂ ಬಿಚ್ಚಿದಳು. ಅದರ ಕೆಳಗೂ ತೂತಿನ ಒಳಗೂ ಫಳಫಳ ಏಳು ಕೋಟ್ ಬಣ್ಣ. ಅದನ್ನು ದಾಟಿ ಕರೆಂಟು ಹೋಗುವುದಾದರೂ ಹೇಗೆ?

ಅಕ್ಕ ಚಾಕು ತೆಗೆದಳು. ತಮ್ಮನ ಮುಖ ಸಪ್ಪಗಾಯಿತು. ಅವಳ ಕೈ ಹಿಡಿದುಕೊಂಡ. ಗಾಜಿನ ಹಿಂದಿನಿಂದ ಅಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ತಮ್ಮ ಅವರನ್ನೊಮ್ಮೆ ನೋಡಿ ಜೇಬಿನಿಂದ ಉಪ್ಪುಕಾಗದ ತೆಗೆದ.

"ನೀನು ಗೀಚಿ ಹಾಳ್ ಮಾಡ್ತೀಯ. ನಾನೇ ಕೆರೀತೀನಿ."

ಹಲ್ಲು ಕಚ್ಚಿ ತನ್ನ ಬಣ್ಣವನ್ನು ತಾನೇ ಉಜ್ಜಿದ. ನಾಣ್ಯದಗಲ ತಗಡು ಬೆಳ್ಳಗೆ ಕಂಡಿತು. ಅಕ್ಕ ಸ್ಕ್ರೂ ಬಿಗಿದಳು, ಅಪ್ಪ ಸ್ವಿಚ್ ಎಳೆದರು.

ಶೆಡ್ಡಿನ ಗೋಡೆಯ ಮೇಲೆ ಎರಡು ಹಳದಿ ಬೆಳಕು ದುಂಡಗೆ ಬಿದ್ದವು. ಅಕ್ಕನಿಗೆ ಕುಣಿಯಬೇಕೆನಿಸಿತು, ಕುಣಿದೇಬಿಟ್ಟಳು. ಅಪ್ಪ ಹಾರ್ನ್ ಒತ್ತಿ ಇಡೀ ಬೀದಿಯನ್ನು ಬಾಗಿಲಿಗೆ ತಂದರು.

ಸಾಹೇಬರು ಬಂದು, ದೀಪ ಹಾಕಿಸಿ, ಆರಿಸಿ, ಮತ್ತೆ ಹಾಕಿಸಿ ಕಾಗದಕ್ಕೆ ಮೊಹರು ಒತ್ತಿದರು. ಹೊರಡುವಾಗ ಬಾನೆಟ್ಟಿನೊಳಗೆ ಇಣುಕಿ, ಇಷ್ಟು ಚೆಂದದ ಬಣ್ಣವನ್ನು ಇದೊಂದು ಕಡೆ ಯಾಕೆ ಕೆರೆದಿದ್ದೀರಿ ಎಂದು ಕೇಳಿದರು.

ತಮ್ಮ ಎದೆಯುಬ್ಬಿಸಿ ಹೇಳಿದ: "ಅದಿಲ್ದಿದ್ರೆ ಮಿಕ್ಕಿದ್ದಕ್ಕೆಲ್ಲ ಅರ್ಥಾನೇ ಇಲ್ಲ ಸಾರ್."