ಫಿಲ್ಟರ್ ಡಬ್ಬಿಗೆ ಸಹಿ

ಕಲ್ಲಿಗೆ ಹೊಳಪು ಕೊಡುವ ಆ ಕಾರ್ಖಾನೆಯಲ್ಲಿ ಸಿಗರೇಟು ಸೇದದವನು ಒಬ್ಬನೇ ಒಬ್ಬ. ಅದಕ್ಕೇ ಎಲ್ಲರೂ ಅವನನ್ನು ಸನ್ಯಾಸಿ ಎನ್ನುತ್ತಿದ್ದರು. ಪಕ್ಕದ ಯಂತ್ರದಲ್ಲಿದ್ದ ಅವನ ಅಣ್ಣ ದಿನಕ್ಕೊಂದು ಪ್ಯಾಕು ಮುಗಿಸುವ ಆಸಾಮಿ. ಕೆಮ್ಮು ಮಾತ್ರ ಅಪ್ಪನ ಆಸ್ತಿ ಪಾಲು ಮಾಡಿಕೊಂಡ ಹಾಗೆ ಇಬ್ಬರಿಗೂ ಸರಿಸಮ ಬಂದಿತ್ತು.

ಕಲ್ಲಿನ ಪುಡಿ ಎಳೆದು ಹೊರಗೆ ಹಾಕುವ ಫ್ಯಾನು ಹಾಕಿಸಿ ಎಂದು ಎಲ್ಲರೂ ಮಾಲೀಕನ ಬೆನ್ನು ಬಿದ್ದು ಎರಡು ವರ್ಷವಾಗಿತ್ತು. "ಜೇಬಲ್ಲಿ ಸಿಗರೇಟು ಇಟ್ಕೊಂಡು ನನ್ನ ಪುಡಿನ ಬೈತೀರಲ್ರೋ" ಎಂದು ಅವನು ನಗುತ್ತಿದ್ದ. ಎದೆ ತಪಾಸಣೆಗೆ ಸರ್ಕಾರಿ ಡಾಕ್ಟರು ಬರುತ್ತಾರೆಂದು ಗೊತ್ತಾದಾಗ ಎಲ್ಲರಿಗಿಂತ ಹಳೆಯ ಕೆಲಸಗಾರ ಸನ್ಯಾಸಿಯ ಹೆಗಲು ಹಿಡಿದ.

"ನೀನೇ ಕಣೋ ನಮ್ಮ ಸಾಕ್ಷಿ. ಸೇದದೇ ಇರೋನ ಎದೇಲೂ ಪುಡಿ ಕೂತಿದೆ ಅಂತ ಬರೆದ್ರೆ, ಫ್ಯಾನು ಹಾಕಿಸದೆ ಆ ಪುಣ್ಯಾತ್ಮನಿಗೆ ಬೇರೆ ಗತಿ ಇಲ್ಲ."

ತಪಾಸಣೆಗೆ ಒಂದು ವಾರ ಮುಂಚೆ ಮ್ಯಾನೇಜರ್ ಡಬ್ಬಿ ಹಂಚಿದ. ಒಳಗೆ ಪುಟ್ಟ ಪ್ಲಾಸ್ಟಿಕ್ ಫಿಲ್ಟರುಗಳು. ಸಿಗರೇಟಿನ ತುದಿಗೆ ಸಿಕ್ಕಿಸಿ ಸೇದಿದರೆ ಹೊಗೆಯ ಕಪ್ಪು ಜಿಗುಟು ಟಾರು ಅದರಲ್ಲೇ ಉಳಿಯುತ್ತಂತೆ. ಟಾರು ಹಿಡಿಯಲು ಇವರ ಹತ್ತಿರ ಬಲೆ ಇದೆ, ಕಲ್ಲು ಹಿಡಿಯಲು ಇಲ್ಲ!

"ನನಗ್ಯಾಕೆ ಸಾರ್ ಇದು?"

"ನಿಮ್ಮಣ್ಣನಿಗೆ ಕೊಡೋ. ಬಿಟ್ಟಿ ಬಂದಿದ್ದನ್ನ ಬಿಡ್ತೀಯಾ?"

"ತಗೊಳ್ಳೋ ಮಾರಾಯ, ಸಿಗರೇಟು ಬಿಡು ಅನ್ನೋ ನಿಮ್ಮತ್ತಿಗೆ ಕಾಟ ಎರಡು ವಾರ ತಪ್ಪುತ್ತೆ" ಎಂದ ಅಣ್ಣ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಸನ್ಯಾಸಿ, ಮ್ಯಾನೇಜರ್ ಚಾಚಿದ ಹಾಳೆಯ ಮೇಲ್ಗಡೆಯ ಸಣ್ಣ ಅಕ್ಷರಗಳ ಗೋಜಿಗೆ ಹೋಗದೆ ಸಹಿ ಗೀಚಿದ.

ಅಣ್ಣನಿಗೆ ಹೊಸ ಹುರುಪು. ಕಪ್ಪಾದ ಫಿಲ್ಟರನ್ನು ಬೆಳಕಿಗೆ ಹಿಡಿದು, "ನೋಡೋ, ಇದೆಲ್ಲ ನನ್ನ ಎದೆಗೆ ಹೋಗ್ಬೇಕಿತ್ತು!" ಎನ್ನುತ್ತಿದ್ದ. ಆ ಧೈರ್ಯದ ಮೇಲೆ ಒಂದು ಪ್ಯಾಕು ಒಂದೂವರೆಯಾಯಿತು.

ಡಾಕ್ಟರು ಸನ್ಯಾಸಿಯ ಎಕ್ಸ್‌ರೇ ನೋಡಿ ಹುಬ್ಬು ಗಂಟಿಕ್ಕಿದರು. "ಎಷ್ಟು ವರ್ಷದಿಂದ ಸೇದ್ತಿದ್ದೀರಿ?"

"ಒಂದೂ ಸೇದಿಲ್ಲ ಸಾರ್. ನಮ್ಮಮ್ಮನಾಣೆ."

ಡಾಕ್ಟರು ಮ್ಯಾನೇಜರ್ ಮೇಜಿನ ಮೇಲೆ ತಂದಿಟ್ಟಿದ್ದ ಹಾಳೆಯನ್ನು ಓದಿದರು: "ಸಿಗರೇಟು ಸೇದುವ ನಾವು ಕೆಳಗೆ ಸಹಿ ಮಾಡಿ ಫಿಲ್ಟರ್ ಪಡೆದಿದ್ದೇವೆ." ಏಳನೆಯ ಸಹಿ ಅವನದು.

"ಎಲ್ಲರೂ ಹೀಗೇ ಹೇಳ್ತಾರಪ್ಪ" ಎಂದು ವರದಿಯಲ್ಲಿ 'ಧೂಮಪಾನ' ಎಂದು ಬರೆದುಬಿಟ್ಟರು.

ಮೈಯೆಲ್ಲ ಉರಿದು ಅವನು ಮ್ಯಾನೇಜರನ ಕೋಣೆಗೆ ನುಗ್ಗಿದ. "ನನ್ನ ಸಹಿ ಹೊಡೆದು ಹಾಕಿ!"

"ಹಾಕೋಣ, ಅದಕ್ಕೇನಂತೆ? ಡಬ್ಬಿ ಇದ್ದ ಹಾಗೇ ವಾಪಸ್ ತಂದುಕೊಡು."

ಓಡಿದ. ಅಣ್ಣ ಕೊನೆಯ ಫಿಲ್ಟರನ್ನು ಹಲ್ಲಲ್ಲಿ ಕಚ್ಚಿಕೊಂಡೇ ತಿರುಗಿದ. ಕಣ್ಣಲ್ಲಿ ಎಂದೂ ಇಲ್ಲದ ಆಸೆ.

"ಏನಾಯ್ತೋ? ಬರೆದ್ರಾ?"

"ಬರೆದ್ರು" ಎಂದ ತಮ್ಮ.

ಅಣ್ಣ ಅವನ ಬೆನ್ನಿಗೊಂದು ಗುದ್ದಿ, ಯಂತ್ರಗಳ ಸದ್ದು ಮೀರಿ ಕೂಗಿದ: "ಬರೆದ್ರಂತೆ ಕಣ್ರೋ!" ಆ ಕಡೆಯಿಂದ ಯಾರೋ ಸಿಳ್ಳೆ ಹಾಕಿದರು. ತಮ್ಮ ಖಾಲಿ ಡಬ್ಬಿಯ ಮುಚ್ಚಳ ಹಾಕಿದ.