ಗುರುತು ಬೀಳದ ಮೂರು ತಿಂಗಳು

ಹಾಸ್ಟೆಲಿನ ಹುಡುಗಿಯರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದ ಮೇಲ್ವಿಚಾರಕಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಜ್ವರ ಬಂದವಳ ಹಣೆಗೆ ಒದ್ದೆ ಬಟ್ಟೆ ಹಾಕಿ ರಾತ್ರಿಯೆಲ್ಲ ಕೂರುವವಳು. ಗೇಟಿನ ಹತ್ತಿರ ಹಲ್ಲು ಕಿರಿಯುವ ಪಡ್ಡೆಗಳನ್ನು ಪೊರಕೆ ಹಿಡಿದು ಓಡಿಸುವವಳೂ ಅವಳೇ. ಬಾಯಿ ಮಾತ್ರ ಜೋರು. ಇನ್ನೊಂದು, ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ನಿಜ ಎನ್ನುವ ಸ್ವಭಾವ.

ಪುಸ್ತಕವೆಂದರೆ ಪ್ಯಾಡಿನ ಪುಸ್ತಕ. ಹಾಸ್ಟೆಲ್ ನಡೆಸುವ ಸಮಿತಿಯವರು ಒಬ್ಬೊಬ್ಬ ಹುಡುಗಿಗೂ ತಿಂಗಳಿಗೊಂದು ಪ್ಯಾಕೆಟ್ ಪುಕ್ಕಟೆ ಕೊಡುತ್ತಿದ್ದರು. ಮುಟ್ಟಾದವಳು ಬಂದು ಕೇಳಬೇಕು, ದೊಡ್ಡಮ್ಮ ಬೀರು ತೆಗೆದು ಕೊಟ್ಟು ಅವಳ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಬೇಕು. ಪ್ಯಾಕೆಟ್ಟುಗಳು ಮಾಯವಾಗದಿರಲಿ ಎಂದು ಶುರುವಾದ ಪದ್ಧತಿ. ಬರಬರುತ್ತಾ ಯಾರದು ಯಾವ ತಾರೀಕು ಎಂಬುದು ಅವಳಿಗೆ ಬಾಯಿಪಾಠವಾಯಿತು. "ನಾಳೆ ನಾಡಿದ್ದರಲ್ಲಿ ನಿಂದು, ಅದಕ್ಕೇ ಮುಖ ಊದಿಸ್ಕೊಂಡಿದೀಯ" ಎಂದು ಛೇಡಿಸಿದರೆ ಹುಡುಗಿಯರು "ಥೂ ಹೋಗಿ ದೊಡ್ಡಮ್ಮ" ಎಂದು ನಗುತ್ತಾ ಓಡುತ್ತಿದ್ದರು.

ಆದರೆ ನಾಲ್ಕು ವರ್ಷದ ಹಿಂದೆ ಒಬ್ಬಳು ದೊಗಳೆ ಅಂಗಿಯ ಒಳಗೆ ಏಳು ತಿಂಗಳ ಬಸಿರನ್ನು ಮುಚ್ಚಿಟ್ಟುಕೊಂಡಿದ್ದಳು. ಗೊತ್ತಾದ ದಿನ ಸಮಿತಿಯ ಅಧ್ಯಕ್ಷರು ಎಲ್ಲರೆದುರು ದೊಡ್ಡಮ್ಮನನ್ನು ನಿಲ್ಲಿಸಿ, "ನಿಮ್ಮ ಕಣ್ಣಿಗೇನು ಮಣ್ಣು ಬಿದ್ದಿತ್ತಾ?" ಎಂದು ಕೇಳಿದ್ದರು. ಹಾವು ಕಚ್ಚಿದವನು ಹಗ್ಗ ಕಂಡರೂ ಹೆದರುತ್ತಾನಲ್ಲ, ಅವತ್ತಿನಿಂದ ದೊಡ್ಡಮ್ಮನದೂ ಅದೇ ಪಾಡು.

ಹಾಗಿರುವಾಗ ಮೌನಿಯ ಹೆಸರಿನ ಮುಂದೆ ಮೂರು ತಿಂಗಳು ಗುರುತು ಬೀಳಲಿಲ್ಲ.

ಮೌನಿ ಎಂಬುದು ಹುಡುಗಿಯರೇ ಇಟ್ಟ ಅಡ್ಡಹೆಸರು. ಲ್ಯಾಬ್ ಟೆಕ್ನೀಷಿಯನ್ ಓದುತ್ತಿದ್ದಳು, ಕೊನೆಯ ವರ್ಷ. ಬೆಳಿಗ್ಗೆ ಹೋದರೆ ಸಂಜೆ ಬರುವಳು, ಊಟ ಅರ್ಧಕ್ಕೇ ಬಿಟ್ಟು ಪುಸ್ತಕ ಹಿಡಿಯುವಳು. ಕೊನೇ ಪರೀಕ್ಷೆಗೆ ಮೂರು ವಾರವಿತ್ತು. ಪಾಸಾದರೆ ಕೆಲಸ ಕೊಡುತ್ತೇವೆಂದು ಒಂದು ಆಸ್ಪತ್ರೆಯವರು ಮಾತೂ ಕೊಟ್ಟಿದ್ದರು.

ದೊಡ್ಡಮ್ಮ ಮೆಡಿಕಲ್ ಶಾಪಿನಿಂದ ಟೆಸ್ಟ್ ಕಿಟ್ ತಂದಳು. ಬೆಳಗಿನ ಮೊದಲ ಮೂತ್ರದಲ್ಲೇ ನೋಡಬೇಕು ಎಂದು ಡಬ್ಬಿಯ ಮೇಲೆ ಇತ್ತು. ಆರು ಗಂಟೆಗೇ ಮೌನಿಯನ್ನು ಎಬ್ಬಿಸಿ ಬಚ್ಚಲಿನ ಮುಂದೆ ನಿಲ್ಲಿಸಿದಳು.

"ದೊಡ್ಡಮ್ಮ, ನಂಗೆ ಮೊದಲಿಂದಾನೂ ಹೀಗೇ. ಒಮ್ಮೆ ಒಂದೂವರೆ ತಿಂಗಳಿಗೆ, ಒಮ್ಮೆ ಎರಡು ತಿಂಗಳಿಗೆ. ಈ ಸಲ ಇನ್ನೂ ತಡ, ಅಷ್ಟೇ. ನಾನು ಅಂಥದ್ದೇನೂ ಮಾಡಿಲ್ಲ. ನಿಮ್ಮಾಣೆ."

"ಆಣೆ ಪ್ರಮಾಣ ಎಲ್ಲಾ ಬೇಡ. ಏನೂ ಇಲ್ಲ ಅಂದ್ಮೇಲೆ ಭಯ ಯಾಕೆ? ಒಳಗೆ ನಡಿ."

ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಲ್ಲುಜ್ಜಲು ಬಂದಿದ್ದ ಇಬ್ಬರು ಬ್ರಷ್ ಬಾಯಲ್ಲೇ ಇಟ್ಟುಕೊಂಡು ನೋಡಿದರು. ಅವರಲ್ಲೊಬ್ಬಳು ಮೌನಿಯ ಬೀದಿಯವಳೇ. ದೊಡ್ಡಮ್ಮ ಬಾಗಿಲ ಹೊರಗೆ ಸೊಂಟಕ್ಕೆ ಕೈ ಕೊಟ್ಟು ಕಾದಳು.

ಒಂದೇ ಗೆರೆ ಬಂತು, ಅಂದರೆ ಬಸಿರಿಲ್ಲ. ದೊಡ್ಡಮ್ಮನಿಗೆ ಹೋದ ಜೀವ ಬಂದಂತಾಯಿತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತೋ ಏನೋ! ಆದರೆ ಬೇಗ ನೋಡಿದರೆ ಸರಿಯಾಗಿ ತೋರಿಸದು, ಮುಟ್ಟಿನ ತಾರೀಕು ನೆಟ್ಟಗಿಲ್ಲದವರು ವಾರ ಬಿಟ್ಟು ಮತ್ತೆ ನೋಡಬೇಕು ಎಂದು ಅದೇ ಡಬ್ಬಿಯಲ್ಲಿತ್ತು. ವಾರ ಬಿಟ್ಟು ಅವಳು ಮತ್ತೊಂದು ತಂದಳು. ಈ ಸಲ ಮೌನಿ ತಾನೇ ಕೈ ಚಾಚಿ ಕಿಟ್ ಇಸಿದುಕೊಂಡು ಒಳಗೆ ಹೋಗಿ ಬಂದಳು. ಈಗಲೂ ಒಂದೇ ಗೆರೆ. ಹಾಗಾದರೆ ಮುಟ್ಟು ಯಾಕಾಗುತ್ತಿಲ್ಲ? ದೊಡ್ಡಮ್ಮ ಅವಳನ್ನು ಲೇಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಹುಡುಗಿಯನ್ನು ಪಕ್ಕದ ಕೋಣೆಗೆ ಕರೆದು ಹತ್ತು ನಿಮಿಷ ಮಾತಾಡಿಸಿದರು. ಆಮೇಲೆ ಅವಳನ್ನು ಅಲ್ಲೇ ಕೂರಿಸಿ ದೊಡ್ಡಮ್ಮನ ಮುಂದೆ ಬಂದು ಕೂತರು.

"ಮುಟ್ಟು ತಡ ಆಗೋಕೆ ನೂರೆಂಟು ಕಾರಣ ಇರುತ್ತಮ್ಮ. ಸರಿಯಾಗಿ ತಿನ್ನಲ್ಲ, ನಿದ್ದೆ ಇಲ್ಲ, ಥೈರಾಯ್ಡೂ ಇರಬಹುದು, ರಕ್ತಪರೀಕ್ಷೆಗೆ ಚೀಟಿ ಬರೆದಿದೀನಿ. ಗಂಡಸಿನ ಜೊತೆ ಸೇರಿದ್ರೆ, ಸೇರಿ ಮೂರು ವಾರ ಆಗಿದ್ರೆ, ಆಗ ಆ ಟೆಸ್ಟಿಗೊಂದು ಅರ್ಥ. ಇವಳಿಗೆ ಯಾಕೆ ಮಾಡಿಸಿದ್ರಿ? ಮೊದಲು ಅವಳನ್ನ ಕೇಳಿದ್ರಾ?"

"ಕೇಳಿದ್ರೆ ಯಾರು ನಿಜ ಹೇಳ್ತಾರೆ ಡಾಕ್ಟ್ರೇ?"

ಡಾಕ್ಟರು ಅವಳನ್ನೇ ನೋಡಿದರು. "ನಂಗೆ ಹೇಳಿದ್ಲು" ಎಂದರು.

ದೊಡ್ಡಮ್ಮನಿಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ಬರುವಾಗ ದಾರಿಯಲ್ಲಿ ಹಣ್ಣಿನ ರಸ ಕೊಡಿಸುತ್ತೇನೆಂದಳು, ಮೌನಿ ಬೇಡವೆಂದು ತಲೆಯಾಡಿಸಿದಳು. ಹಾಸ್ಟೆಲಿಗೆ ಬಂದವಳೇ ದೊಡ್ಡಮ್ಮ ನಿಯಮದ ಪ್ರಕಾರ ಹುಡುಗಿಯ ಮನೆಗೆ ಫೋನು ಮಾಡಿದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಮನೆಯವರಿಗೆ ತಿಳಿಸಲೇಬೇಕು. "ಗಾಬರಿ ಆಗ್ಬೇಡಿ, ನಿಮ್ಮ ಮಗಳು ಅಪ್ಪಟ ಚಿನ್ನ, ಏನೂ ಆಗಿಲ್ಲ" ಎಂದು ಒತ್ತಿ ಒತ್ತಿ ಹೇಳಿದಳು.

ಮಾರನೆಯ ದಿನ ಮಧ್ಯಾಹ್ನ ಅಪ್ಪ ಬಂದ. ಬಸ್ ಕಂಡಕ್ಟರ್. ಡ್ಯೂಟಿ ಬಿಟ್ಟು ಹಾಗೇ ಬಂದಿದ್ದ, ಹೆಗಲಲ್ಲಿ ಚರ್ಮದ ಚೀಲ ಇನ್ನೂ ತೂಗುತ್ತಿತ್ತು. ಮೌನಿ ಆಫೀಸಿನ ಮೂಲೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಹುಡುಗಿಯ ಮಾನ ಕಾಪಾಡುವ ಭಾರ ತನ್ನದೇ ಎಂಬಂತೆ ದೊಡ್ಡಮ್ಮ ಎರಡೂ ಟೆಸ್ಟಿನ ಪಟ್ಟಿಗಳನ್ನು ಕಾಗದದ ಮೇಲೆ ಸಾಲಾಗಿ ಇಟ್ಟಳು.

"ನೋಡಿ, ನೀವೇ ನೋಡಿ. ಒಂದೊಂದೇ ಗೆರೆ. ಒಂದ್ಸಲ ಅಲ್ಲ, ಎರಡು ಸಲ ನೋಡಿದೀನಿ."

ಅಪ್ಪ ಮುಟ್ಟಲಿಲ್ಲ. "ಎರಡು ಸಲ" ಎಂದ. "ಮೊದಲನೇ ಸಲ ನೀವೇ ನಂಬಿಲ್ಲ. ವರ್ಷಗಟ್ಟಲೆ ಕಣ್ಣೆದುರು ಇಟ್ಕೊಂಡವರು. ಹೋದ ವಾರಾನೇ ನಮ್ಮ ಬೀದೀಲಿ ಸುದ್ದಿ ಆಯ್ತು. ನಮ್ಮಮ್ಮ ಇವಳನ್ನ ಓದೋಕೆ ಕಳಿಸ್ಬೇಡ ಅಂತ ಊಟ ಬಿಟ್ಟು ಕೂತಿದ್ಲು, ನಾನೊಬ್ಬನೇ ಎದುರು ನಿಂತು ಕಳಿಸ್ದೆ. ಈಗ ಅವಳು ಕೇಳ್ತಾಳೆ, ಬೆಂಕಿ ಇಲ್ದೆ ಹೊಗೆ ಆಡುತ್ತಾ ಅಂತ. ನಾನು ಏನು ಹೇಳ್ಲಿ?"

"ಡಾಕ್ಟ್ರ ಚೀಟಿ ಇದೆಯಲ್ಲ, ತೋರ್ಸಿ."

"ಮನೆಮನೆಗೂ ಹೋಗಿ ತೋರಿಸ್ಲಾ ಅಮ್ಮ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಮಾತ್ರ ಇತ್ತು. ಮಗಳ ಕಡೆ ತಿರುಗಿ, "ಬಟ್ಟೆ ಕಟ್ಕೋ" ಎಂದ.

"ಅಪ್ಪ, ಪರೀಕ್ಷೆಗೆ ಹನ್ನೊಂದೇ ದಿನ ಇರೋದು."

"ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎಂಬುದು ಇಲ್ಲವೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ದೊಡ್ಡಮ್ಮ ಕೈ ಮುಗಿದಳು, ತಪ್ಪೆಲ್ಲ ನನ್ನದೇ ಎಂದಳು, ಪರೀಕ್ಷೆ ಮುಗಿಯುವವರೆಗೆ ನನ್ನ ಕೋಣೆಯಲ್ಲೇ ಇರಲಿ ಎಂದು ಗೋಗರೆದಳು. ಅಪ್ಪ ಬಾಗಿಲ ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಕೆಟ್ಟ ಮೇಲೆ ಬುದ್ಧಿ ಬಂದರೆ ಯಾರಿಗೆ ಬೇಕು?

ಹದಿನೈದು ನಿಮಿಷಕ್ಕೆ ಮೌನಿ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿದು ಬಂದಳು. ದೊಡ್ಡಮ್ಮ ಗೇಟಿನವರೆಗೂ ಹಿಂದೆ ಹಿಂದೆ ಹೋಗಿ ಅವಳ ತೋಳು ಹಿಡಿದಳು.

"ಏನಾದ್ರೂ ಆಡೇ ಮಗಳೇ. ಬೈಯೇ ನನ್ನ, ಬಾಯಿಗೆ ಬಂದಂಗೆ ಬೈಯಿ."

ಮೌನಿ ತೋಳು ಬಿಡಿಸಿಕೊಳ್ಳಲಿಲ್ಲ. ಅಪ್ಪ ಎಷ್ಟು ದೂರ ಹೋಗಿದ್ದಾನೆಂದು ನೋಡಿ ಮೆಲ್ಲಗೆ ಹೇಳಿದಳು:

"ಮೊದಲನೇ ದಿನಾನೇ ಹೇಳಿದ್ನಲ್ಲ ದೊಡ್ಡಮ್ಮ. ನೀವು ನಂಬಿದ್ದಿದ್ರೆ ಅಪ್ಪಾನೂ ನಂಬ್ತಿದ್ರು."

ದೊಡ್ಡಮ್ಮನ ಕೈ ತಾನಾಗಿ ಸಡಿಲವಾಯಿತು. ಹುಡುಗಿ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬಸ್ ನಿಲ್ದಾಣದ ಕಡೆ ಅಪ್ಪನ ಹಿಂದೆ ನಡೆದಳು.