ಮಂಡಿಯೂರದ ಪಾಠ

ಕೆಲಸ ಹುಡುಕುವವರಿಗೆ ಬುದ್ಧಿ ಹೇಳುವುದರಲ್ಲಿ ಮಸಾಕಾ ಊರಿನಲ್ಲಿ ಪ್ರಾಸ್ಕೋವಿಯಾಳನ್ನು ಮೀರಿಸುವವರಿರಲಿಲ್ಲ. ಶನಿವಾರ ಬೆಳಿಗ್ಗೆ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಅವಳ ತರಗತಿ. ಅರ್ಜಿ ಹೇಗೆ ಬರೆಯಬೇಕು, ಸಂದರ್ಶನಕ್ಕೆ ಎಂಥ ಚಪ್ಪಲಿ ಮೆಟ್ಟಬೇಕು, ಸಂಬಳದ ಮಾತು ಮೊದಲು ಯಾರು ಎತ್ತಬೇಕು, ಎಲ್ಲಕ್ಕೂ ಅವಳಲ್ಲಿ ಉತ್ತರ ಸಿದ್ಧವಿತ್ತು. ಆದರೆ ಅವಳಿಗೆ ಹೆಸರು ತಂದದ್ದು ಒಂದೇ ಪಾಠ. ಹೆಣ್ಣುಮಕ್ಕಳು ಸಂದರ್ಶನದ ಕೋಣೆಯಲ್ಲಿ ಮಂಡಿಯೂರಬಾರದು.

ಹೇಳುವುದು ಸುಲಭ. ಬುಗಾಂಡ ಸೀಮೆಯಲ್ಲಿ ಬೆಳೆದ ಹೆಣ್ಣಿನ ಮಂಡಿ ಹಿರಿಯರನ್ನು ಕಂಡರೆ ಯಾರನ್ನೂ ಕೇಳದೆ ಬಾಗುತ್ತದೆ. ಮಾವನಿಗೆ ಚಹಾ ಕೊಡುವಾಗ ಬಾಗುತ್ತದೆ, ಸಂತೆಯಲ್ಲಿ ಬಾಳೆಗೊನೆ ಮಾರುವಾಗ ಬಾಗುತ್ತದೆ. ಮನೆಯಲ್ಲಿ ಬೇಕಾದರೆ ದಿನವಿಡೀ ಬಾಗಿ, ಆಫೀಸು ಮಾವನ ಮನೆಯಲ್ಲ, ನೇರ ನಿಂತು ಕೈ ಕೊಡಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಎಂದು ಪ್ರಾಸ್ಕೋವಿಯಾ ಗದರುತ್ತಿದ್ದಳು. ತಾನೇ ಮಾಲೀಕನಂತೆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಒಬ್ಬೊಬ್ಬಳನ್ನೇ ಒಳಗೆ ಕರೆಯುವಳು. ಯಾರದಾದರೂ ಮಂಡಿ ಅರ್ಧ ಬಾಗಿತೆಂದರೆ ಸಭಾಂಗಣವೆಲ್ಲ ನಗು.

ಎಲ್ಲರಿಗಿಂತ ಹಠಮಾರಿ ಮಂಡಿ ನಸ್ಸಾಲಿಯದು. ಹಳ್ಳಿಯಲ್ಲಿ ಅಜ್ಜಿ ಸಾಕಿದ ಹುಡುಗಿ. ಆಹಾರ ಪರೀಕ್ಷೆಯ ಓದು ಮುಗಿಸಿ ಮನೆಯಲ್ಲಿ ಕೂತು ವರ್ಷ ಕಳೆದಿತ್ತು. ಅವಳು ಒಳಗೆ ಬಂದರೆ ಸಾಕು, ಮಂಡಿ ನೆಲಕ್ಕೆ.

"ಏನಮ್ಮಾ, ನೆಲದಲ್ಲಿ ಏನಾದ್ರೂ ಬಿದ್ದಿದೆಯಾ?" ಎಂದು ಪ್ರಾಸ್ಕೋವಿಯಾ ರೇಗಿಸುತ್ತಿದ್ದಳು. ವಾರಗಟ್ಟಲೆ ತಿದ್ದಿದ ಮೇಲೆ ಹುಡುಗಿ ಕೊನೆಗೂ ನೆಟ್ಟಗೆ ನಿಂತು ಕೈ ಚಾಚಿದಳು. ಆದರೆ ತರಗತಿ ಮುಗಿದು ಹೊರಡುವಾಗ ಮಾತ್ರ ಪ್ರಾಸ್ಕೋವಿಯಾಳ ಮುಂದೆ ಮಂಡಿಯೂರಿಯೇ ಹೋಗುವಳು. ಗುರುವಿಗಾದರೂ ಮಂಡಿಯೂರಬೇಡ ಅನ್ನಬೇಡಿ ಮೇಡಂ ಅನ್ನುವಳು. ಪ್ರಾಸ್ಕೋವಿಯಾ ಬೇಡ ಅನ್ನಲೂ ಇಲ್ಲ. ನಿಜ ಹೇಳಬೇಕೆಂದರೆ ಅದು ಅವಳಿಗೆ ಹಿತವಾಗಿತ್ತು.

ಅಷ್ಟರಲ್ಲಿ ಊರಾಚೆಯ ಕಾಫಿ ಕಾರ್ಖಾನೆಯಲ್ಲಿ ಬೀಜ ಪರೀಕ್ಷಿಸುವ ಕೆಲಸವೊಂದು ಖಾಲಿಯಾಯಿತು. ಆಯ್ಕೆಗೆ ಕೂರುವ ಮೂವರಲ್ಲಿ ಒಬ್ಬಳಾಗಿ ಪ್ರಾಸ್ಕೋವಿಯಾಳಿಗೆ ಕರೆ ಬಂತು. ಸಂದರ್ಶನಕ್ಕೆ ಬರುವವರಲ್ಲಿ ನಸ್ಸಾಲಿಯೂ ಇದ್ದಳು. ನನ್ನ ಶಿಷ್ಯೆಯೊಬ್ಬಳು ಬರುತ್ತಾಳೆ ಎಂದು ಪ್ರಾಸ್ಕೋವಿಯಾ ಮ್ಯಾನೇಜರ್ ಮುಗೆರ್ವನಿಗೆ ಮೊದಲೇ ತಿಳಿಸಿದ್ದಳು. ಆತ ಒಳ್ಳೆಯದೇ ಆಯಿತು ಎಂದಿದ್ದ. ಅಲ್ಲಿಯವರೆಗೆ ಅವಳ ನಡತೆಯಲ್ಲಿ ಕುಂದಿರಲಿಲ್ಲ.

ಆ ಬೆಳಿಗ್ಗೆ ಮಾಲೀಕ ಕತೆರೆಗ್ಗ ಕಾರ್ಖಾನೆಯ ಜಗಲಿಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಉದ್ದನೆಯ ಬಿಳಿ ಕಂಜು ನಿಲುವಂಗಿ, ಮೇಲೆ ಕೋಟು, ಕೈಯಲ್ಲಿ ಊರುಗೋಲು, ಕುಲದ ಹಿರಿಯರೆಂಬ ಗತ್ತು. ಕಾರ್ಖಾನೆಯ ಕೆಲಸಗಾರರಿಗೆಲ್ಲ ತರಬೇತಿ ಕೊಡುವ ಗುತ್ತಿಗೆಯನ್ನು ಪ್ರಾಸ್ಕೋವಿಯಾ ಅವರಲ್ಲಿ ಕೇಳಿಕೊಂಡಿದ್ದಳು, ಅವರಿನ್ನೂ ಹೂಂ ಅಂದಿರಲಿಲ್ಲ. ಅವರನ್ನು ಕಂಡದ್ದೇ ತಡ, ಅವಳ ಎರಡೂ ಮಂಡಿ ಸಿಮೆಂಟಿನ ಮೇಲಿದ್ದವು. ರಾತ್ರಿ ಹೇಗೆ ಕಳೆಯಿತು, ಮನೆಯವರೆಲ್ಲ ಹೇಗಿದ್ದಾರೆ ಎಂದು ಸಾವಕಾಶವಾಗಿ ವಿಚಾರಿಸಿ ಎದ್ದಳು. ಸ್ಕರ್ಟಿನ ಧೂಳು ಕೊಡವಿಕೊಂಡು ತಲೆಯೆತ್ತಿದರೆ ಎದುರಿನ ಬೆಂಚಿನಲ್ಲಿ ನಸ್ಸಾಲಿ ಕೂತಿದ್ದಳು. ಎಲ್ಲವನ್ನೂ ನೋಡಿದ್ದಳು. ಪ್ರಾಸ್ಕೋವಿಯಾಳ ಕಿವಿ ಬಿಸಿಯಾಯಿತು. ಇದು ಜಗಲಿ, ಕೋಣೆಯಲ್ಲವಲ್ಲ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು ಒಳಗೆ ಹೋದಳು.

ಕತೆರೆಗ್ಗ, ಮುಗೆರ್ವ, ಪ್ರಾಸ್ಕೋವಿಯಾ ಮೂವರೂ ಮೇಜಿನ ಹಿಂದೆ ಕೂತರು. ನಸ್ಸಾಲಿ ಒಳಗೆ ಬಂದಾಗ ಒಂದು ಕ್ಷಣ ಬಾಗಿಲಲ್ಲಿ ನಿಂತಳು. ಪ್ರಾಸ್ಕೋವಿಯಾಳ ಕಡೆ ನೋಡಿದಳು. ಏನು ಮಾಡಲಿ ಎಂದು ಕೇಳುವ ನೋಟ ಅದು. ಪ್ರಾಸ್ಕೋವಿಯಾ ಮೇಜಿನ ಮೇಲಿನ ಲೋಟ ನೋಡುತ್ತಾ ಕೂತಳು. ಹುಡುಗಿ ನೆಟ್ಟಗೆ ನಡೆದು ಬಂದು ಮುದುಕರಿಗೆ ಕೈ ಚಾಚಿದಳು. ಅವರು ಆ ಕೈಯನ್ನು ಬೆರಳ ತುದಿಯಲ್ಲಿ ಮುಟ್ಟಿ ಬಿಟ್ಟರು. ಅವಳು ಚೆನ್ನಾಗಿಯೇ ಉತ್ತರ ಕೊಟ್ಟಳು. ಬಂದವರಲ್ಲೆಲ್ಲ ಇವಳೇ ಸರಿ ಎಂದು ಅವಳು ಹೋದ ಮೇಲೆ ಮುಗೆರ್ವ ಹೇಳಿದ.

ಕತೆರೆಗ್ಗ ಊರುಗೋಲನ್ನು ಅತ್ತಿಂದಿತ್ತ ತಿರುವುತ್ತಿದ್ದರು. "ಆ ಹುಡುಗಿಗೆ ಮಂಡಿ ಇಲ್ವೇನಪ್ಪಾ?" ಎಂದರು. ಮತ್ತೆ ಪ್ರಾಸ್ಕೋವಿಯಾಳ ಕಡೆ ತಿರುಗಿದರು. "ನೀನು ಮರ್ಯಾದಸ್ಥೆ, ಬೆಳಿಗ್ಗೆ ನೋಡಿದೆನಲ್ಲ. ನೀನೇ ಹೇಳು ತಾಯಿ. ಇದು ಈಗಿನ ಓದಿನಿಂದ ಬಂದದ್ದೋ, ಏನು?"

ನಾನೇ ಕಲಿಸಿದ್ದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಮುಗೆರ್ವ ಅದಕ್ಕೇ ಕಾಯುತ್ತಿದ್ದಂತೆ ಅವಳನ್ನು ನೋಡುತ್ತಿದ್ದ.  ಅವಳ ಬಾಯಿಂದ ಹೊರಬಿದ್ದದ್ದು ಬೇರೆ.

"ಇಂಥದ್ದೆಲ್ಲ ಮನೇಲಿ ಕಲಿಸ್ಬೇಕು ಯಜಮಾನ್ರೇ. ಮನೆಯವ್ರು ಕಲಿಸಿಲ್ಲ ಅಂದ್ರೆ ನಾವೇನು ಮಾಡೋಕಾಗುತ್ತೆ?"

ಮುಗೆರ್ವ ತಲೆ ತಗ್ಗಿಸಿದ. ಕೆಲಸ ಇನ್ನೊಬ್ಬಳಿಗೆ ಹೋಯಿತು. ಹೊರಡುವಾಗ ಕತೆರೆಗ್ಗ ತರಬೇತಿಯ ವಿಷಯ ಆಮೇಲೆ ಮಾತಾಡೋಣ ಎಂದು ನಕ್ಕರು. ಆ ನಗುವಿಗೆ ಪ್ರತಿಯಾಗಿ ತಾನೂ ನಕ್ಕದ್ದನ್ನು ನೆನೆದು ಪ್ರಾಸ್ಕೋವಿಯಾಳಿಗೆ ಮನೆಯಲ್ಲಿ ತುತ್ತು ಇಳಿಯಲಿಲ್ಲ. ತನ್ನ ಮುಖ ತನಗೇ ಬೇಡವಾಗಿತ್ತು.

ಶನಿವಾರ ನಸ್ಸಾಲಿ ಬರಲಾರಳು ಅಂದುಕೊಂಡಿದ್ದಳು, ಬರದಿದ್ದರೆ ಸಾಕು ಎಂದು ಹಾರೈಸಿಯೂ ಇದ್ದಳು. ಹುಡುಗಿ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಎಂದಿನಂತೆ ಮಂಡಿಯೂರಿ ಹುರಿದ ಕಡಲೆಕಾಯಿಯ ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ಕೊಟ್ಟಳು. ಅಜ್ಜಿ ಕಳಿಸಿದ್ದಂತೆ. ಕೆಲಸ ಸಿಗದಿದ್ದರೇನು, ಮೇಡಂ ಅಷ್ಟು ಕಷ್ಟಪಟ್ಟು ಕಲಿಸಿದ್ದಾರೆ, ಬರಿಗೈಯಲ್ಲಿ ಹೋಗಬೇಡ ಅಂದಳಂತೆ.

"ಒಂದು ಕೇಳ್ಲಾ ಮೇಡಂ?" ಎಂದಳು ನಸ್ಸಾಲಿ. ದನಿಯಲ್ಲಿ ಕುಹಕವೇನೂ ಇರಲಿಲ್ಲ. ಪಾಠ ಅರ್ಥವಾಗದ ವಿದ್ಯಾರ್ಥಿಯ ಹಾಗೆ ಕೇಳಿದಳು. "ಆಫೀಸು ಎಲ್ಲಿಂದ ಶುರುವಾಗುತ್ತೆ? ಜಗಲಿ ಲೆಕ್ಕಕ್ಕಿಲ್ವಾ? ಅದೊಂದು ನನಗೆ ಗೊತ್ತಾಗ್ಲಿಲ್ಲ. ಅದಕ್ಕೇ ತಪ್ಪಿದೆನೇನೋ."

ಪೊಟ್ಟಣ ಇನ್ನೂ ಬೆಚ್ಚಗಿತ್ತು. ಪ್ರಾಸ್ಕೋವಿಯಾಳಿಗೆ ಅದನ್ನು ಹಿಡಿದುಕೊಳ್ಳಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

"ನೀನು ತಪ್ಪಲಿಲ್ಲ," ಎಂದಳು. "ಮುದುಕರು ನನ್ನನ್ನ ಕೇಳಿದ್ರು. ನಾನೇ ಕಲಿಸಿದ್ದು ಅನ್ನಲಿಲ್ಲ. ನಿನ್ನ ಮನೆಯವ್ರು ಕಲಿಸಿಲ್ಲ ಅಂದೆ."

ನಸ್ಸಾಲಿ ಅವಳ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದಳು.

"ನಮ್ಮಜ್ಜಿ ಕಲಿಸಿಲ್ಲ ಅಂದ್ರಾ?" ಎಂದಳು.

ಪ್ರಾಸ್ಕೋವಿಯಾ ಹೂಂ ಎಂದು ತಲೆಯಾಡಿಸಿದಳು. ಹೊರಗೆ ಉಳಿದ ಹುಡುಗಿಯರ ಮಾತು, ನಗು ಹತ್ತಿರವಾಗುತ್ತಿತ್ತು. ನಸ್ಸಾಲಿ ಎದ್ದು ನಿಂತು ಚೀಲ ಹೆಗಲಿಗೇರಿಸಿಕೊಂಡಳು. ಹೊರಡುವ ಮೊದಲು ಅವಳು ಮಂಡಿಯೂರಲಿಲ್ಲ. ನೆಟ್ಟಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಕಲಿಸಿದಂತೆಯೇ ಕೈ ಚಾಚಿದಳು. ಕಣ್ಣು ತಗ್ಗಿಸಿದವಳು ಪ್ರಾಸ್ಕೋವಿಯಾ.